ಮಜ್ಜಿಗೆ ಹುಲ್ಲಿನ ಎಣ್ಣೆ, ಮುಚ್ಚಿದ ಕಿಟಕಿ

ನಮ್ಮ ಮನೆಯಲ್ಲಿ ಕೆಮ್ಮಿದರೆ ಯಾರೂ ತಿರುಗಿ ನೋಡುವುದಿಲ್ಲ. ನಾವು ಪಿಂಜಾರರು. ಸಿರುಗುಪ್ಪದಲ್ಲಿ ಅಪ್ಪನದು ಗಾದಿ ಅಂಗಡಿ, ಅದರ ಹಿಂದೆಯೇ ಮನೆ. ಹತ್ತಿ ಹಿಂಜುವ ಯಂತ್ರ ಶುರುವಾದರೆ ಧೂಳು ನಡುಮನೆ ದಾಟಿ ಅಡುಗೆ ಕಟ್ಟೆಯ ಮೇಲೆ ಕೂರುತ್ತದೆ. ಅಪ್ಪ ಕೆಮ್ಮುತ್ತಾನೆ, ಅವ್ವ ಕೆಮ್ಮುತ್ತಾಳೆ, ಗಾದಿ ಒಯ್ಯಲು ಬಂದ ಗಿರಾಕಿಯೂ ಒಂದೆರಡು ಸಲ ಕೆಮ್ಮಿಯೇ ಹೋಗುತ್ತಾನೆ. ಅದಕ್ಕೆ ನಮ್ಮಲ್ಲಿ ಔಷಧ ಅಂದರೆ ಒಂದು ಚೂರು ಬೆಲ್ಲ.

ನನ್ನ ಕೆಮ್ಮಿಗೂ ಅವ್ವ ಫೋನಿನಲ್ಲಿ ಅದನ್ನೇ ಹೇಳಿದಳು. "ಊರಿಗೆ ಬಂದಾಗ ಧೂಳು ಕುಂತೈತಿ. ಬೆಲ್ಲ ತಿನ್ನು, ಇಳೀತೈತಿ." ನಾನು ಎಂ.ಎಸ್ಸಿ. ಮುಗಿಸಿ ಬಳ್ಳಾರಿಯ ಒಂದು ಕಾಲೇಜಿನ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದೆ. ಕಂಟೋನ್ಮೆಂಟಿನಲ್ಲಿ ಒಂದು ಪಿಜಿಯಲ್ಲಿ ವಾಸ. ಬೆಲ್ಲ ತಿಂದೆ. ಸಂಜೆ ಜ್ವರ ಬರುವುದಕ್ಕೆ ಬಿಸಿಲನ್ನು ದೂರಿದೆ, ಚೂಡಿದಾರ ಸಡಿಲವಾಗುವುದಕ್ಕೆ ಪಿಜಿ ಊಟವನ್ನು ದೂರಿದೆ. ಒಂದು ಬೆಳಿಗ್ಗೆ ಮುಖ ತೊಳೆಯುವಾಗ ಬೇಸಿನ್ನಿನಲ್ಲಿ ರಕ್ತ ಕಂಡಿತು. ನಲ್ಲಿ ತಿರುಗಿಸಿ ಅದು ಪೂರ್ತಿ ಹೋಗುವವರೆಗೂ ನಿಂತಿದ್ದೆ. ರೂಮಿನ ಗೆಳತಿಗೆ ಏನೂ ಹೇಳಲಿಲ್ಲ. ನೇರ ದೊಡ್ಡಾಸ್ಪತ್ರೆಗೆ ಹೋದೆ.

ಕ್ಷಯ ಎಂದು ತಿಳಿದಾಗ ಅಷ್ಟು ಹೆದರಲಿಲ್ಲ. ಮಾತ್ರೆ ನುಂಗಿದರೆ ವಾಸಿಯಾಗುತ್ತದೆ ಎಂಬುದು ಗೊತ್ತಿತ್ತು. ಆದರೆ ಮತ್ತೊಂದು ವರದಿ ಬಂದ ಮೇಲೆ ಡಾಕ್ಟರು ಕುರ್ಚಿಯನ್ನು ನನ್ನ ಕಡೆ ಪೂರ್ತಿ ತಿರುಗಿಸಿಕೊಂಡರು. ನನ್ನದು ಸಾಮಾನ್ಯ ಮಾತ್ರೆಗಳಿಗೆ ಬಗ್ಗದ ಕ್ಷಯ, ಬೇರೆ ಮಾತ್ರೆಗಳು ಬೇಕು, ಹೆಚ್ಚು ತಿಂಗಳು ಬೇಕು, ಮೈಬಣ್ಣ ಕಪ್ಪಾಗಬಹುದು, ಪಾದ ಉರಿಯಬಹುದು, ಆಗಾಗ ಇಸಿಜಿ ಮಾಡಿಸಬೇಕು ಎಂದರು. ಅವರು ಹೇಳುತ್ತಿದ್ದುದೆಲ್ಲ ಅರ್ಥವಾಗುತ್ತಿತ್ತು. ಅರ್ಥವಾಗದಿದ್ದರೇ ಒಳ್ಳೆಯದಿತ್ತು ಅನ್ನಿಸಿತು.

ಹೊರಗಿನ ಬೆಂಚಿನಲ್ಲಿ ಪಕ್ಕದಲ್ಲಿದ್ದ ಹೆಂಗಸು ಮಾಸ್ಕಿನ ಮೇಲಿಂದ ನನ್ನನ್ನೇ ನೋಡುತ್ತಿದ್ದಳು. ರೂಪನಗುಡಿಯವಳಂತೆ.

"ನಿಂದು ಸಾದಾನೋ, ಗಟ್ಟೀನೋ?"

ಗಾದಿಯ ಬಗ್ಗೆ ಕೇಳಿದ ಹಾಗೆ ಕೇಳಿದಳು. ಮಾತ್ರೆಗೆ ಬಗ್ಗದ್ದಕ್ಕೆ ಅವಳ ಹೆಸರು ಗಟ್ಟಿ ಎಂದು ಹೊಳೆಯಿತು. "ಗಟ್ಟಿ," ಅಂದೆ.

"ನಂದೂ ಗಟ್ಟೀನ. ಸಾದಾದವ್ರು ಆ ಕಡೆ ಕುಂದರ್ತಾರ ನೋಡು, ಜಲ್ದಿ ಬಂದು ಜಲ್ದಿ ಹೋಗ್ತಾರ. ನಾವು ಖಾಯಂ ಗಿರಾಕಿ." ಆಮೇಲೆ ತನ್ನ ಕೈ ಮುಂದೆ ಹಿಡಿದಳು. ಬೆರಳ ಗೆಣ್ಣುಗಳೆಲ್ಲ ಸುಟ್ಟ ಬದನೆಕಾಯಿಯ ಬಣ್ಣಕ್ಕೆ ತಿರುಗಿದ್ದವು. "ಇದನ್ನ ನೋಡಿ ಅಂಜಬ್ಯಾಡ. ನನ್ನ ಗಂಡ ನನ್ನ ಗುರುತು ಹಿಡೀತಾನ ಇನ್ನೂ. ಸಾಲ ಕೊಟ್ಟೋರು ಹಿಡಿಯಂಗಿಲ್ಲ, ಅದ ಲಾಭ."

ಆ ದಿನ ನಾನು ನಕ್ಕಿದ್ದು ಅದೊಂದೇ ಸಲ.

ಸಿರುಗುಪ್ಪದ ಮನೆಯಲ್ಲಿ ಹತ್ತಿಯ ಧೂಳು, ಅಂಗಡಿಗೆ ಬಂದು ಹೋಗುವ ಜನ. ಅಲ್ಲಿ ಇರುವಂತಿರಲಿಲ್ಲ. ಅವ್ವನ ಅಣ್ಣ, ನನ್ನ ಸೋದರಮಾವ, ಕುರುಗೋಡಿನಲ್ಲಿ ಒಬ್ಬರೇ ಇದ್ದರು. ಅತ್ತೆ ತೀರಿಕೊಂಡಿದ್ದಾರೆ, ಮಕ್ಕಳಿಲ್ಲ. ಪೇಟೆಯಲ್ಲಿ ಅತ್ತರು, ಲೋಬಾನ, ಊದಿನಕಡ್ಡಿ, ಸುರ್ಮಾ ಮಾರುವ ಸಣ್ಣ ಅಂಗಡಿ ಅವರದು. "ನನ್ನ ಮನಿಗೆ ಕರ್ಕೊಂಡು ಬರ್ರಿ," ಅಂದರು ಮಾವ. "ಕೇಳಿದೋರಿಗೆ ಪರೀಕ್ಷಾಕ ಓದಾಕ ಬಂದಾಳ ಅಂತ ಹೇಳೂನು." ಬೇರೆ ಸಂಬಂಧಿಕರು ಫೋನೆತ್ತುವುದನ್ನೇ ಬಿಟ್ಟಿದ್ದ ವಾರ ಅದು. ಅವರ ಉಪಕಾರ ಸಣ್ಣದಲ್ಲ. ಮುಂದೆ ಬರೆಯುವುದನ್ನು ಓದುವಾಗ ಇದನ್ನು ನೆನಪಿಡಬೇಕು.

ಮಾವ ನನ್ನನ್ನು ಹೆಸರಿನಿಂದ ಕರೆಯುವುದಿಲ್ಲ, "ಎಂಎಸ್ಸಿ" ಎನ್ನುತ್ತಾರೆ. ನಮ್ಮ ಕುಟುಂಬದಲ್ಲಿ ಅಷ್ಟು ಓದಿದವಳು ನಾನೊಬ್ಬಳೇ. ಅದರಲ್ಲೂ ನನ್ನ ಪ್ರಾಜೆಕ್ಟು ಅವರ ಕಸುಬಿಗೆ ಹತ್ತಿರದ್ದು, ಗಿಡಗಳಿಂದ ಇಳಿಸಿದ ಸುಗಂಧ ತೈಲಗಳು ರೋಗಾಣುಗಳನ್ನು ತಡೆಯುತ್ತವೆಯೇ ಎಂದು ನೋಡುವುದು. ಒಂದು ರಂಜಾನ್ ಹಬ್ಬಕ್ಕೆ ಎಲ್ಲರೂ ಸೇರಿದಾಗ ಮೊಬೈಲಿನಲ್ಲಿ ಅದರ ಚಿತ್ರ ತೋರಿಸಿದ್ದೆ. ಸಣ್ಣ ಗಾಜಿನ ತಟ್ಟೆ, ಅದರ ತುಂಬ ಮಂಜಿನಂತೆ ಬೆಳೆದ ರೋಗಾಣು, ನಡುವೆ ಮಜ್ಜಿಗೆ ಹುಲ್ಲಿನ ಎಣ್ಣೆಯ ಆವಿ ತಾಗಿದ ಕಡೆ ದುಂಡಗೆ ಸ್ವಚ್ಛ ಜಾಗ. ಮಾವ ಕನ್ನಡಕ ಹಣೆಗೇರಿಸಿ ಬಹಳ ಹೊತ್ತು ನೋಡಿದ್ದರು.

"ತಟ್ಟಿ ಅಂಚಿಗೆ ಏನದು ಸುತ್ತೀರಿ?"

"ಪಟ್ಟಿ ಮಾವ. ಗಾಳಿ ಆಡಬಾರದು. ಆವಿ ಹೊರಗ ಹೋದ್ರ ಹುಳ ಉಳೀತಾವು."

ಅವರು ಅದನ್ನು ಮರೆತಿರಲಿಲ್ಲ.

ಅವರ ಮನೆ ಗುಡ್ಡದ ಬುಡದಲ್ಲಿದೆ. ಹಿಂಬದಿಯ ಕೋಣೆಗೆ ಒಂದೇ ಕಿಟಕಿ, ಅದರಾಚೆ ಕಟ್ಟೆ, ಕಟ್ಟೆಯಾಚೆ ದೊಡ್ಡ ದೊಡ್ಡ ಬಂಡೆಗಳು. ನಾನು ಹೋದ ದಿನ ಕೋಣೆ ಸಿದ್ಧವಾಗಿತ್ತು. ಹೊಸ ಚಾಪೆ, ಹೊಸ ಲೋಟ, ನಾಲ್ಕು ಮೂಲೆಗೆ ನಾಲ್ಕು ತಟ್ಟೆ, ತಟ್ಟೆಗಳಲ್ಲಿ ಎಣ್ಣೆಯಲ್ಲಿ ಅದ್ದಿದ ಹತ್ತಿಯ ಉಂಡೆಗಳು. ಮಜ್ಜಿಗೆ ಹುಲ್ಲು, ಲವಂಗ, ನೀಲಗಿರಿ. ಎಲ್ಲವೂ ಕಲಬೆರಕೆಯಿಲ್ಲದ ಮಾಲು. ಕಿಟಕಿಗೆ ಅಪ್ಪ ಹೊಲಿದ ಗಾದಿ. ಹೌದು, ಗಾದಿಯೇ. ಚೌಕಟ್ಟಿನ ಅಳತೆಗೆ ಸರಿಯಾಗಿ, ಒಳ್ಳೆಯ ಹತ್ತಿ ತುಂಬಿ, ದಪ್ಪ ದಾರದ ಟಾಕು ಹಾಕಿ, ಸುತ್ತಲೂ ಮೊಳೆ ಹೊಡೆದಿದ್ದರು. ಬೆಳಕಿನ ಒಂದು ಎಳೆ ಕೂಡ ಬರುತ್ತಿರಲಿಲ್ಲ. ಬಾಗಿಲಿನ ಕೆಳಗಿನ ಸಂದಿಗೂ ಉದ್ದನೆಯ ಒಂದು ದಿಂಬು ಇತ್ತು.

ನನಗೆ ಕೂಡಲೇ ಗೊತ್ತಾಯಿತು. ಮಾವ ನನ್ನ ಗಾಜಿನ ತಟ್ಟೆಯನ್ನು ಕೋಣೆಯಷ್ಟು ದೊಡ್ಡದು ಮಾಡಿದ್ದರು.

"ಮಾವ, ಆಸ್ಪತ್ರ್ಯಾಗ ಕಿಟಕಿ ತೆರೆದಿಡ್ರಿ ಅಂದಾರ. ಗಾಳಿ, ಬಿಸಿಲು ಬೇಕಂತ."

"ಅವರು ಎಣ್ಣಿ ಇಲ್ಲದೋರಿಗೆ ಹೇಳಿದ್ದು ಅದು," ಅಂದರು ಮಾವ. "ಎಲ್ಲಾರಿಗೂ ಒಂದ ಮಾತು ಹೇಳ್ತಾರ ಪಾಪ, ಅವರಿಗೇನು ಗೊತ್ತು ನೀನು ಎಂಎಸ್ಸಿ ಅಂತ."

ತಟ್ಟೆಯಲ್ಲಿ ಸತ್ತದ್ದು ಬೇರೆ ರೋಗಾಣು, ಕ್ಷಯದ್ದನ್ನು ನಮ್ಮಂಥ ಪ್ರಯೋಗಾಲಯದಲ್ಲಿ ಮುಟ್ಟುವಂತೆಯೇ ಇಲ್ಲ ಎಂದೆ. ಗಾಜಿನ ಮೇಲೆ ಕೆಲಸ ಮಾಡಿದ್ದು ಪುಪ್ಪುಸದ ಒಳಗೆ ತಲುಪಿಯೇ ತಲುಪುತ್ತದೆ ಎಂದಲ್ಲ, ಹುಳವನ್ನು ಕೊಲ್ಲುವಷ್ಟು ಎಣ್ಣೆ ಮನುಷ್ಯನನ್ನೂ ಬಿಡಲಿಕ್ಕಿಲ್ಲ ಎಂದೆ. ಗಟ್ಟಿ ಕ್ಷಯದ ಮೇಲೂ ಇಂಥ ತೈಲಗಳನ್ನು ಪರೀಕ್ಷಿಸುತ್ತಿದ್ದಾರೆ, ಮುಂದೊಂದು ದಿನ ಅದರಿಂದ ಔಷಧ ಬರಬಹುದು, ಇವತ್ತು ಬಂದಿಲ್ಲ ಎಂದೆ. ಮಾವ ಎಲ್ಲವನ್ನೂ ಶ್ರದ್ಧೆಯಿಂದ ಕೇಳಿದರು. ಕೊನೆಗೆ ಉಳಿದದ್ದು "ಮುಂದೊಂದು ದಿನ ಬರಬಹುದು" ಎಂಬ ಮಾತೊಂದೇ. "ಅಲ್ಲಿ ತನಕ ಕಾಯೋದ್ಯಾಕ?" ಅಂದರು.

ಮುಂಚೆಯೇ ಬಂದಿದ್ದ ಅಪ್ಪ ಕಿಟಕಿಯ ಬಳಿ ನಿಂತಿದ್ದ. ಮಾತಾಡುವ ಮನುಷ್ಯನಲ್ಲ ಅವನು. ಗಾದಿಯ ಒಂದು ಮೂಲೆ ಉಬ್ಬಿತ್ತು, ಅದನ್ನು ಅಂಗೈಯಿಂದ ತಟ್ಟಿ ಸಮ ಮಾಡುತ್ತಿದ್ದ. ಅವನಿಗೆ ನನಗಾಗಿ ಮಾಡಲು ಸಾಧ್ಯವಾಗಿದ್ದ ಕೆಲಸ ಅದೊಂದೇ. ಅದನ್ನು ಕಿತ್ತುಹಾಕು ಎಂದು ಹೇಳಲು ನನಗೆ ಆಗಲಿಲ್ಲ.

ಹೀಗೆ ಆ ಕೋಣೆ ಸೇರಿದೆ. ಬಳ್ಳಾರಿ ಜಿಲ್ಲೆಯ ಬೇಸಿಗೆ ಗೊತ್ತಿದ್ದವರಿಗೆ ಹೆಚ್ಚು ಹೇಳಬೇಕಿಲ್ಲ. ಹಗಲೆಲ್ಲ ಕಾದ ಬಂಡೆಗಳು ಸಂಜೆ ತಮ್ಮ ಬಿಸಿಯನ್ನು ನಮ್ಮ ಗೋಡೆಗೆ ಕೊಡುತ್ತಿದ್ದವು. ಫ್ಯಾನು ಅದೇ ಗಾಳಿಯನ್ನು ಸುತ್ತಿಸುತ್ತಿತ್ತು. ಲವಂಗದ ಆವಿಗೆ ಕಣ್ಣು ಉರಿಯುತ್ತಿತ್ತು. ಹೊತ್ತು ಗೊತ್ತಾಗುತ್ತಿದ್ದುದು ಮಸೀದಿಯ ಬಾಂಗಿನಿಂದ ಮಾತ್ರ, ಅದೂ ಹತ್ತಿಯ ಮೂಲಕ ಸೋಸಿ ಬರುತ್ತಿತ್ತು. ನನ್ನ ಕೆಮ್ಮು ಹೊರಗೆ ಕೇಳುವುದಿಲ್ಲ ಎಂಬುದೂ ಒಂದು ಅನುಕೂಲವಾಯಿತು. ಓದುವ ಹುಡುಗಿ ಎಂದು ಬೀದಿಯವರು ಕಟ್ಟೆಯ ಬಳಿ ಮಕ್ಕಳನ್ನು ಗದರಿಸಿ ಸುಮ್ಮನಿರಿಸುತ್ತಿದ್ದರಂತೆ.

ಒಂದು ವಿಷಯ ನ್ಯಾಯವಾಗಿ ಹೇಳಬೇಕು. ಮಾತ್ರೆ ನುಂಗಿದ ಮೇಲೆ ಹೊಟ್ಟೆ ತೊಳಸಿದಾಗ ಮಜ್ಜಿಗೆ ಹುಲ್ಲಿನ ವಾಸನೆ ಸ್ವಲ್ಪ ಸಮಾಧಾನ ಕೊಡುತ್ತಿತ್ತು. ಹತ್ತಿಯ ಉಂಡೆಯನ್ನು ಮೂಗಿನ ಹತ್ತಿರ ಹಿಡಿದು ಕೂತರೆ ಮಾತ್ರೆ ಒಳಗೇ ಉಳಿಯುತ್ತಿತ್ತು. ಅದಷ್ಟು ನಿಜ.

ವಾಂತಿ ಹೆಚ್ಚಾದ ಒಂದು ದಿನ ಮಾವ ಬಾಗಿಲಲ್ಲಿ ಕೂತು ಮೆತ್ತಗೆ ಹೇಳಿದರು. "ಒಂದು ವಾರ ಮಾತ್ರಿ ಬಿಟ್ಟು, ಬರೇ ಎಣ್ಣಿ ಮ್ಯಾಲ ಇದ್ದು ನೋಡೂನೇನು?"

"ಇಲ್ಲ ಮಾವ."

"ಮಾರಿ ನೋಡ್ಕೊಂಡಿಯೇನು? ಮಾತ್ರಿ ನಿನ್ನ ಸುಡಾಕತ್ತೈತಿ."

"ಸುಡಲಿ. ಎಣ್ಣಿ ಇಡ್ರಿ, ಕಿಟಕಿ ಮುಚ್ಚಿಡ್ರಿ, ನಾ ಒಂದು ಮಾತು ಆಡಂಗಿಲ್ಲ. ಮಾತ್ರಿ ಸುದ್ದಿಗೆ ಮಾತ್ರ ಬರಬ್ಯಾಡ್ರಿ."

ಅದು ಒಪ್ಪಂದ. ನನ್ನ ಲೆಕ್ಕ ಸರಳವಾಗಿತ್ತು, ಮಾತ್ರೆ ನಿಂತರೆ ಸಾಯುತ್ತೇನೆ, ಕಿಟಕಿ ಮುಚ್ಚಿದರೆ ಸೆಕೆಯಾಗುತ್ತದೆ. ಆ ಲೆಕ್ಕದಲ್ಲಿ ಅವ್ವ ಇರಲಿಲ್ಲ.

ಅವ್ವ ಆಗ ಸಿರುಗುಪ್ಪದಲ್ಲಿ ಅಂಗಡಿಗೆ ಬೇಕಾಗಿದ್ದಳು. ಪಾದದ ಉರಿ ಶುರುವಾಯಿತು ಎಂದು ಕೇಳಿದ್ದೇ ಬಂದುಬಿಟ್ಟಳು. ಬಂದವಳು ನನ್ನ ಪಕ್ಕದಲ್ಲೇ ಚಾಪೆ ಹಾಸಿದಳು. ಹಗಲೆಲ್ಲ ನನ್ನ ಕಾಲು ತೊಡೆಯ ಮೇಲಿಟ್ಟುಕೊಂಡು ಒದ್ದೆ ಬಟ್ಟೆ ಸುತ್ತುತ್ತಿದ್ದಳು. ಮಾಸ್ಕನ್ನು ಗದ್ದಕ್ಕೆ ಇಳಿಸಿಕೊಳ್ಳುತ್ತಿದ್ದಳು.

"ಮ್ಯಾಲ ಏರಿಸವ್ವ."

"ಎಣ್ಣಿ ಐತಲ್ಲ ಬಿಡು. ನಿಮ್ಮ ಮಾವ ಸುಮ್ನ ಇಟ್ಟಾನೇನು?"

"ಹೊರಗ ಮಲಕ್ಕೋ."

"ಹಡೆದಾಗ ಹೊರಗ ಮಲಗಿದ್ನೇನು?"

ನಾನು ಗೋಡೆಯ ಕಡೆ ಮುಖ ಮಾಡಿ ಮಲಗಲು ಕಲಿತೆ. ಕೆಮ್ಮು ಬಂದರೆ ದಿಂಬಿನಲ್ಲಿ ಮುಖ ಹುದುಗಿಸುತ್ತಿದ್ದೆ. ಅವ್ವ ಅದನ್ನು ಮುನಿಸು ಎಂದುಕೊಂಡು ಇನ್ನಷ್ಟು ಹತ್ತಿರ ಸರಿಯುತ್ತಿದ್ದಳು.

ತಪಾಸಣೆಗೆ ಬಳ್ಳಾರಿಗೆ ಹೋದಾಗ ಕಫದಲ್ಲಿ ಇನ್ನೂ ರೋಗಾಣು ಕಾಣುತ್ತಿದೆ ಎಂದರು. ಹೆದರಬೇಡಿ, ಮಾತ್ರೆ ತನ್ನ ಕೆಲಸ ಮಾಡುತ್ತದೆ, ಆದರೆ ಬೇರೆಯವರೊಂದಿಗೆ ಮುಚ್ಚಿದ ಕೋಣೆಯಲ್ಲಿ ಇರಬೇಡಿ ಎಂದು ಡಾಕ್ಟರು ಮತ್ತೊಮ್ಮೆ ಹೇಳಿದರು. ರೂಪನಗುಡಿಯವಳು ಅಂದು ಬೆಂಚಿನಲ್ಲಿ ಇರಲಿಲ್ಲ. ಯಾರನ್ನಾದರೂ ಕೇಳೋಣ ಅಂದುಕೊಂಡೆ, ಕೇಳಲಿಲ್ಲ. ವಾಪಸ್ಸು ಬರುವಾಗ ಬಸ್ಸಿನ ಕಿಟಕಿ ಪಕ್ಕ ಕೂತು ಮುಖಕ್ಕೆ ಬಿಸಿಗಾಳಿ ಬಡಿಸಿಕೊಂಡೆ. ಮತ್ತೆ ಅದೇ ಮುಚ್ಚಿದ ಕೋಣೆಗೆ ಹೊರಟಿದ್ದೆ. ಯಾರೂ ನನ್ನನ್ನು ಕಟ್ಟಿ ಒಯ್ಯುತ್ತಿರಲಿಲ್ಲ. ಟಿಕೆಟ್ ನಾನೇ ತೆಗೆಸಿದ್ದೆ.

ಮರುದಿನ ಬೆಳಿಗ್ಗೆ ಅವ್ವ ಅಡುಗೆಮನೆಯಲ್ಲಿ ಕೆಮ್ಮುವುದು ಕೇಳಿತು. ಆ ಕೆಮ್ಮು ನನಗೆ ಹೊಸದಲ್ಲ, ಹುಟ್ಟಿದಾಗಿನಿಂದ ಕೇಳಿದ್ದು. ಆದರೆ ಈ ಮನೆಯಲ್ಲಿ ಹತ್ತಿಯ ಧೂಳಿಲ್ಲ.

ಒಳಗೆ ಬಂದಾಗ ಕೇಳಿದೆ. "ಎಂದಿನಿಂದ?"

"ಏನು ಎಂದಿನಿಂದ?"

"ಕೆಮ್ಮು."

"ಎಣ್ಣಿ ಘಾಟು. ಬೆಲ್ಲ ತಿಂದೀನಿ." ಬಾಯಲ್ಲಿ ನಿಜವಾಗಿಯೂ ಬೆಲ್ಲವಿತ್ತು. ನನಗೆ ಕೇಳಿಸಬಾರದೆಂದು ಅಡುಗೆಮನೆಗೆ ಹೋಗಿ ಕೆಮ್ಮಿ ಬರುತ್ತಿದ್ದಳು. ಕೆಮ್ಮು ಬಯಲಾದರೆ ನನ್ನ ಪಕ್ಕದಿಂದ ಎಬ್ಬಿಸುತ್ತಾರೆ ಎಂಬ ಭಯ ಅವಳಿಗೆ.

ಕಾಯಿಲೆ ತಿಳಿದ ದಿನ ಆಗದ ಭಯ ಅವತ್ತು ಆಯಿತು. ಮೊಳೆ ಕೀಳಲು ಗಾದಿಗೆ ಕೈಹಾಕಿದೆ. ಬೆರಳಿಗೆ ಬಲವಿರಲಿಲ್ಲ. ಟಾಕು ಒಂದೂ ಸಡಿಲಾಗಲಿಲ್ಲ. ಅಪ್ಪನ ಹೊಲಿಗೆ ಹಾಗೆಯೇ.

ಮಾವ ಅಂಗಡಿಗೆ ಹೋಗುವ ಮುಂಚೆ ತಟ್ಟೆಗಳಿಗೆ ಎಣ್ಣೆ ಹಾಕಲು ಬಂದರು. ಅವರಿಗೆ ಪುಪ್ಪುಸ, ರೋಗಾಣು ಎಂದೆಲ್ಲ ಎಷ್ಟು ಹೇಳಿದ್ದೆ. ಅವೆಲ್ಲ ನನ್ನ ಮಾತುಗಳು. ಅವರ ಮಾತಿನಲ್ಲಿ ಎಂದೂ ಹೇಳಿರಲಿಲ್ಲ.

"ಮಾವ, ಅವ್ವನ ಸೆರಗು ಮೂಸ್ರಿ."

"ಏನು ಹುಚ್ಚು ಹಿಡಿದೈತೇನು ನಿನಗ?" ಅಂದಳು ಅವ್ವ.

"ಮೂಸ್ರಿ ಮಾವ."

ಅವರು ತಂಗಿಯ ಸೆರಗಿನ ತುದಿ ಹಿಡಿದು, ಅಂಗಡಿಯಲ್ಲಿ ಗಿರಾಕಿಯ ಮುಂದೆ ಮಾಡುವಂತೆ ಕಣ್ಣು ಮುಚ್ಚಿ ಮೂಸಿದರು. "ಮಜ್ಜಿಗೆ ಹುಲ್ಲು. ಹಿಂದ ಲವಂಗ."

"ಈಗ ಜಳಕ ಮಾಡಿ ಒಗೆದದ್ದು ಉಟ್ಟಾಳ."

"ಒಗೆದ್ರ ಹೋಗಾಕ ಅದೇನು ಹಾದಿಬೀದಿ ಮಾಲೇನು?" ಅಂದರು ಸ್ವಲ್ಪ ಹೆಮ್ಮೆಯಿಂದ.

"ನಿಮ್ಮ ಟೊಪ್ಪಗಿ?"

ತೆಗೆದು ಮೂಸಿದರು. "ಹತ್ತೈತಿ."

"ನೀವು ಈ ಕೋಣ್ಯಾಗ ಎಷ್ಟೊತ್ತು ಇರ್ತೀರಿ?"

"ಎಣ್ಣಿ ಹಾಕೋ ಮಟ."

"ಅವ್ವ ಹಗಲು ರಾತ್ರಿ ಇಲ್ಲೇ ಅದಾಳ. ಮಾವ, ನಿಮ್ಮ ಎಣ್ಣಿ ಎಲ್ಲೆಲ್ಲಿ ಮುಟ್ಟೈತಿ, ನನ್ನ ಉಸಿರೂ ಅಲ್ಲೆಲ್ಲಾ ಮುಟ್ಟೈತಿ. ಅದಕ್ಕ ವಾಸನಿ ಇಲ್ಲ, ಅಷ್ಟ. ನನ್ನ ತಟ್ಟ್ಯಾಗ ಬರೇ ಹುಳ ಇದ್ವು. ಈ ತಟ್ಟ್ಯಾಗ ಅವ್ವನೂ ಅದಾಳ. ಅಕಿ ಕೆಮ್ಮಾಕತ್ತಾಳ."

ಮಾವ ಟೊಪ್ಪಿಗೆಯನ್ನು ಕೈಯಲ್ಲೇ ಹಿಡಿದು ನಿಂತರು. ಮತ್ತೊಮ್ಮೆ ಮೂಸಿದರು. ಅವ್ವ ಏನೋ ಹೇಳಲು ಹೋದಳು. "ನೀ ಸುಮ್ಕಿರು," ಅಂದರು. ಆಮೇಲೆ ತಂಗಿಯ ರಟ್ಟೆ ಹಿಡಿದು ಹೊರಗೆ ನಡೆಸಿಕೊಂಡು ಹೋದರು. ಅವ್ವ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಬಿಡಿಸಬೇಕಾಯಿತು.

ಅಪ್ಪ ಮಧ್ಯಾಹ್ನದ ಬಸ್ಸಿಗೆ ಬಂದ. ಮಾವ ಅವನಿಗೆ ಏನು ಹೇಳಿದರೋ ಗೊತ್ತಿಲ್ಲ. ಇಕ್ಕಳ ತಂದು ಒಂದೊಂದೇ ಮೊಳೆ ಕಿತ್ತ. ಗಾದಿ ಬಿದ್ದಾಗ ಬಿಸಿಲು ಕೋಣೆಯೊಳಗೆ ಒಮ್ಮೆಲೇ ನುಗ್ಗಿತು. ಕಣ್ಣು ಮುಚ್ಚಿಕೊಂಡೆ. ತೆರೆದಾಗ ಅಪ್ಪ ನನ್ನ ಮುಖವನ್ನೇ ನೋಡುತ್ತಿದ್ದ. ಆ ಕೋಣೆಯಲ್ಲಿ ನನ್ನ ಬಣ್ಣ ಎಷ್ಟು ತಿರುಗಿತ್ತು ಎಂಬುದನ್ನು ಅವನು ಬೆಳಕಿನಲ್ಲಿ ನೋಡಿರಲಿಲ್ಲ. ನಾನೂ ಕನ್ನಡಿ ನೋಡಿರಲಿಲ್ಲ.

"ಹತ್ತಿ ಛಲೋ ಐತಿ," ಅಂದ ಗಾದಿ ಎತ್ತಿಕೊಳ್ಳುತ್ತ. "ಇನ್ನೊಂದೀಟು ತುಂಬಿ ನಿಮ್ಮವ್ವಗ ಹಾಸಿಗಿ ಮಾಡ್ತೀನಿ. ಹೊರಗ ಕಟ್ಟಿ ಮ್ಯಾಲ ಮಲಗ್ಲಿ."

ಅವ್ವ ಕಟ್ಟೆಯ ಮೇಲೆ ಮಲಗಿದಳು. ನನ್ನೊಡನೆ ಮಾತು ಬಿಟ್ಟಳು. ಊಟದ ತಟ್ಟೆಯನ್ನು ಕಿಟಕಿಯ ಹೊರಗಿಟ್ಟು, ಸರಳಿಗೆ ಬಳೆ ಬಡಿದು ಹೋಗುತ್ತಿದ್ದಳು. ಗಾಳಿ ಬಂತು, ಬೆಳಕು ಬಂತು, ಬೀದಿಯವರಿಗೆ ನನ್ನ ಕೆಮ್ಮು ಕೇಳಿಸಿತು, ಪರೀಕ್ಷೆಯ ಸುಳ್ಳು ಒಂದೇ ವಾರದಲ್ಲಿ ಮುರಿಯಿತು. ಅಂಗಡಿಗೆ ಬರುವ ಕೆಲವರು ಮಾವನಿಂದ ದೂರ ನಿಂತು ವ್ಯಾಪಾರ ಮಾಡತೊಡಗಿದರು. ಕಿಟಕಿ ತೆರೆದರೆ ಬಿಡುಗಡೆ ಎಂದು ನಾನು ಭಾವಿಸಿದ್ದೆ. ತಿಂಗಳುಗಟ್ಟಲೆ ಮಾತ್ರೆ ಇನ್ನೂ ಇತ್ತು, ಉರಿಯುವ ಪಾದ ಇತ್ತು. ಈಗ ಕೋಣೆಯಲ್ಲಿ ಕಾಲು ಹಿಡಿಯಲು ಯಾರೂ ಇರಲಿಲ್ಲ. ನಾನೇ ಕೇಳಿ ಪಡೆದ ಒಂಟಿತನ ಅದು.

ಅವ್ವನನ್ನು ಬಳ್ಳಾರಿಗೆ ಕರೆದೊಯ್ದ ದಿನ ನಾನೂ ಹೋದೆ. ಅದೇ ಬೆಂಚು. ಈ ಸಲ ಹೆಸರು ಕೂಗಿದರೆ ಏಳಬೇಕಾದವಳು ನಾನಲ್ಲ. ನಮ್ಮ ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟಿದ್ದೆ. ಅದನ್ನು ಅಳೆಯುವಂತೆ ನೋಡಿ ಅವ್ವ ಬಹಳ ದಿನಗಳ ಮೇಲೆ ಮಾತಾಡಿದಳು.

"ಇಷ್ಟು ದೂರ ಸಾಕೋ, ಇನ್ನಷ್ಟು ಸರೀಲ್ಯೋ?"

"ಸಾಕು."

"ನನಗ ಬಂದಿದ್ರ ಏನ್ ಮಾಡ್ತಿ?"

ಬಂದಿದ್ದರೆ ಅದು ನನ್ನದೇ ಆಗಿರುತ್ತಿತ್ತು, ಗಟ್ಟಿಯದು. ಅವಳ ವಯಸ್ಸಿಗೆ ಆ ಮಾತ್ರೆಗಳು, ಆ ಉರಿ. ಅವ್ವ ನನ್ನ ಮುಖ ನೋಡಿದಳು. ಮಾಸ್ಕನ್ನು ತಾನಾಗಿಯೇ ಮೇಲೆ ಏರಿಸಿಕೊಂಡಳು.

ಕಫದಲ್ಲಿ ಏನೂ ಇರಲಿಲ್ಲ. ಎಕ್ಸ್‌ರೇ ಸ್ವಚ್ಛವಿತ್ತು. ಕೆಮ್ಮು ಘಾಟಿನದೇ ಇರಬಹುದು, ಆದರೂ ಆಗಾಗ ತೋರಿಸುತ್ತಿರಿ ಎಂದರು. ತೋರಿಸುತ್ತಲೇ ಬಂದೆವು. ಪ್ರತಿ ಸಲವೂ ಅದೇ ಬೆಂಚು, ಪ್ರತಿ ಸಲವೂ ಏನೂ ಇರಲಿಲ್ಲ. ಈ ನಡುವೆ ನನ್ನ ಕಫ ತಿಳಿಯಾಯಿತು, ತೂಕ ಬಂತು, ಒಂದು ದಿನ ಮಾತ್ರೆ ಮುಗಿಯಿತು.

ಈಗ ಕೆಲಸಕ್ಕೆ ಮರಳಿದ್ದೇನೆ. ಬಣ್ಣ ನಿಧಾನವಾಗಿ ಹಿಂದಿರುಗುತ್ತಿದೆ, ಪಾದದ ಜೋಮು ಪೂರ್ತಿ ಹೋಗಿಲ್ಲ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಹೆಚ್ಚು ಹೊತ್ತು ಕೂರಲು ಇಂದಿಗೂ ಆಗುವುದಿಲ್ಲ. ಹೆಸರು ಬರೆಯದೆ ಇದನ್ನು ಬರೆಯುತ್ತಿರುವುದು, ಪ್ರೀತಿಯವರೇ ಬಾಗಿಲಿಗೆ ದಿಂಬು ಇಟ್ಟಿರುವ ಇನ್ನೊಂದು ಕೋಣೆ ಎಲ್ಲೋ ಇರಬಹುದು ಎಂದು.

ಅವ್ವನ ಎದೆಯ ಹೊಸ ಎಕ್ಸ್‌ರೇ ಹೋದ ವಾರ ಬಂತು. ಬೆಳಕಿಗೆ ಹಿಡಿದು ನೋಡಿದೆ. ಎರಡು ಕಡೆಯೂ ಕಪ್ಪಾಗಿ, ತಿಳಿಯಾಗಿ ಇತ್ತು. ಅವ್ವ ಪಕ್ಕದಿಂದ ಇಣುಕಿದಳು.

"ನೋಡಿದ್ಯಾ, ಏನೂ ಇಲ್ಲ. ನಾ ಅವತ್ತ ಹೇಳಿದ್ದೆ, ನನಗೇನೂ ಆಗಂಗಿಲ್ಲ ಅಂತ. ಸುಮ್ನ ಹೊರಗ ಹಾಕಿದಿ ನನ್ನ."

"ಹೌದವ್ವ," ಅಂದೆ. "ಸುಮ್ನ ಹಾಕಿದೆ."